ನಲವತ್ತೆಂಟರ ಒಳಗೆ

ತಾಲ್ಲೂಕಿಗೆ ಒಬ್ಬನೇ, ಒಂದು ತೂಕಕ್ಕೆ ಒಬ್ಬನೇ.
ಆ ಒಬ್ಬ ನಾನಲ್ಲ ಅಂತ ಗೊತ್ತಾಗಲು
ಶಿಡ್ಲಘಟ್ಟದ ಜೂನಿಯರ್ ಕಾಲೇಜು ಮೈದಾನದಲ್ಲಿ
ಒಂದು ನಿಮಿಷ ಹತ್ತು ಸೆಕೆಂಡು ಹಿಡಿಯಿತು.
ನಯಾಜ್ ನನ್ನ ಎದೆಯ ಮೇಲಿಂದ ಎದ್ದು
ಕೈ ಕೊಟ್ಟ. ಹಿಡಿದುಕೊಂಡೆ.
ಅಂಗೈಯಲ್ಲಿ ಕುದಿದ ಗೂಡಿನ ವಾಸನೆ,
ತೊಳೆದರೂ ಹೋಗದ್ದು.

"ಇನ್ನು ಬೀಳೋದು ನಿನ್ನ ಕೆಲಸ ಕಣೋ ಅಂಜಿನಿ"
ಅಂದರು ಪೀಟಿ ಮೇಷ್ಟ್ರು ಬೈಲಪ್ಪ.
ಅವನಷ್ಟೇ ಎತ್ತರ, ಅವನಷ್ಟೇ ತೂಕ,
ಇಡೀ ಶಾಲೆಯಲ್ಲಿ ಇನ್ಯಾರಿದ್ದಾರೆ?

ಬಿದ್ದೆ.
ಆಗಸ್ಟ್ ಪೂರ್ತಿ ಬಿದ್ದೆ, ದಸರಾ ರಜೆಯಲ್ಲೂ ಬಿದ್ದೆ.
ಮ್ಯಾಟ್ ಇರಲಿಲ್ಲ. ಬಿಸಿಯೂಟದ ಅಕ್ಕಿ ಚೀಲಗಳಿಗೆ
ಕಡಲೆಕಾಯಿ ಹೊಟ್ಟು ತುಂಬಿ, ಗೋಣಿದಾರದಲ್ಲಿ ಹೊಲಿದು
ಮೇಲೆ ಹಳೇ ಫ್ಲೆಕ್ಸು ಹಾಸಿದ್ದೆವು.
ಯಾರೋ ಸೋತ ಅಭ್ಯರ್ಥಿ ಕೈಮುಗಿದು ನಗುತ್ತಿದ್ದ.
ಅವನ ಹಲ್ಲಿನ ಮೇಲೆ ನನ್ನ ಬೆನ್ನು.

ಬೀಳುವುದರಲ್ಲೂ ಪಟ್ಟುಗಳಿವೆ ಅಂತ
ಯಾರೂ ಹೇಳಿಕೊಡಲಿಲ್ಲ, ಬೆನ್ನು ಕಲಿಯಿತು:
ಭುಜ ತಾಗುವ ಮುಂಚೆ ನೆತ್ತಿ ಊರು,
ಸೊಂಟ ಎತ್ತು, ಕಮಾನಾಗು,
ನೋವನ್ನೆಲ್ಲ ಕತ್ತಿಗೆ ಕಳಿಸಿ ಎಣಿಸು.
ನಾನು ಇಪ್ಪತ್ತರವರೆಗೆ ಎಣಿಸಬಲ್ಲೆ.
ನಯಾಜ್‌ಗೆ ಅದು ಬೇಕಾಗಲಿಲ್ಲ.
ಅವನು ಯಾವಾಗಲೂ ಮೇಲೆ.

ಜಿಲ್ಲೆ ಗೆದ್ದ, ವಿಭಾಗ ಗೆದ್ದ.
ಚಿಂತಾಮಣಿಯವನನ್ನು, ಬಂಗಾರಪೇಟೆಯವನನ್ನು
ಹೆಸರು ಕೇಳುವ ಮುಂಚೆ ಚಿತ್ ಮಾಡಿದ.
ಸಂಜೆ, ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೆ,
ಅವನ ಮಾಮ ತಕ್ಕಡಿ ಬಿಟ್ಟುಕೊಡುತ್ತಿದ್ದ.
ನಲವತ್ತೆಂಟು ನಾನೂರು. ನಲವತ್ತೇಳು ಒಂಬೈನೂರು.
ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ದರ ಕಟ್ಟುವ ಮಾಮ
"ಒಳಗೆ ಹುಳ ಗಟ್ಟಿ ಇದೆ" ಅನ್ನುತ್ತಿದ್ದ,
ಅವನಿಗೆ.

ಡಿಸೆಂಬರಿನಲ್ಲಿ ರಾಜ್ಯಮಟ್ಟ, ತುಮಕೂರಿನಲ್ಲಿ.
ನನ್ನ ಬಸ್ ಚಾರ್ಜು ಮೇಷ್ಟ್ರ ಜೇಬಿನಿಂದ.
ಬೆಳಿಗ್ಗೆ ಆರಕ್ಕೆ ತೂಕ. ಐದಕ್ಕೆ ನೂರೈವತ್ತು ಗ್ರಾಂ ಜಾಸ್ತಿ.
ರಾತ್ರಿಯಿಂದ ನೀರು ಮುಟ್ಟಿಲ್ಲ, ಉಗುಳಲು ಎಂಜಲಿಲ್ಲ.
ಸ್ವೆಟರಿನ ಮೇಲೆ ಸ್ವೆಟರು ಹಾಕಿ ಮೈದಾನ ಸುತ್ತಿಸಿದೆ.
ಆಮೇಲೆ ನಲ್ಲಿಕಟ್ಟೆಯ ಮೇಲೆ ಕೂರಿಸಿ
ಅಡುಗೆಯವರ ಕತ್ತರಿಯಲ್ಲಿ ಕೂದಲು ಕತ್ತರಿಸಿದೆ.
ಅಡ್ಡಾದಿಡ್ಡಿ ಬಂತು. ಕನ್ನಡಿ ಕೊಡಲಿಲ್ಲ.
ನಲವತ್ತೆಂಟು, ಸೊನ್ನೆ ಸೊನ್ನೆ.
ಮೇಷ್ಟ್ರು ಆ ಕಡೆ ತಿರುಗಿ ಮೂಗು ಒರೆಸಿಕೊಂಡರು,
ಚಳಿ, ಅಂದರು.

ಮೊದಲ ಎರಡು ಕುಸ್ತಿ ಅವನದೇ.
ಮೂರನೆಯವನು ಬಾಗಲಕೋಟೆ ಕಡೆಯವನು,
ಗರಡಿಯಲ್ಲಿ ಮುದುಡಿ ಕಡುಬಿನಂತಾದ ಕಿವಿ.
ಸೊಂಟಕ್ಕೆ ಕೈ ಹಾಕಿದ್ದಷ್ಟೇ ಕಂಡದ್ದು,
ನಯಾಜನ ಕಾಲು ಲೈಟಿನ ಕಡೆಗಿತ್ತು.

ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನನ್ನು ಕೆಳಗೆ ಕಂಡೆ.
ಭುಜ ಇಳಿಯಿತು, ಇಳಿಯಿತು, ಕೂಗಲು ಬಾಯಿ ತೆರೆದೆ,
ತೆರೆಯುವುದರೊಳಗೆ ನೆತ್ತಿ ಊರಿದ್ದ.
ಸೊಂಟ ಎದ್ದಿತ್ತು. ನನ್ನ ಕಮಾನು!
ಯಾವಾಗ ಕದ್ದ? ನನ್ನ ಮೇಲೆ ಒರಗಿದಾಗಲೆಲ್ಲ
ಎದೆಯಿಂದ ಓದಿಕೊಂಡನೇ?
ಎಣಿಸಿದೆ. ಇಪ್ಪತ್ತು ದಾಟಿತು. ಇಪ್ಪತ್ತೊಂದು, ಇಪ್ಪತ್ತೆರಡು,
ನನ್ನ ಕತ್ತು ಕಾಣದ ಅಂಕಿಗಳು.
ಮೂವತ್ತನಾಲ್ಕಕ್ಕೆ ಸೀಟಿ.

ಚಿತ್ ಆಗಲಿಲ್ಲ. ಅಂಕದಲ್ಲಿ ಸೋತ, ಎಂಟಕ್ಕೆ ಎರಡು.
ಆ ಹುಡುಗ ಇವನ ಕತ್ತು ಸವರಿ
"ಯಾರ್ ಕಲಿಸ್ಯಾರಲೇ ನಿನಗ ಇದನ್ನ?" ಅಂದ.
ನಯಾಜ್ ಗ್ಯಾಲರಿ ಕಡೆ ನೋಡಿದ.
ನಾನು ಬಗ್ಗಿ ಚಪ್ಪಲಿ ಹುಡುಕುತ್ತಿದ್ದೆ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಏಳು ತಿಂದ,
ಬೆಣ್ಣೆ ಮತ್ತೆ ಮತ್ತೆ ಹಾಕಿಸಿಕೊಂಡು.
ಭಾಗವಹಿಸಿದ್ದಕ್ಕೆ ಕೊಟ್ಟ ಹಾಳೆಯಲ್ಲಿ
ಅವನ ಹೆಸರು ನವಾಜ್ ಅಂತಿತ್ತು.
ಚಟ್ನಿ ಬಿದ್ದರೂ ಒರೆಸಲಿಲ್ಲ.

ಮರುವಾರ ಮತ್ತೆ ಮಾರುಕಟ್ಟೆ.
"ಐವತ್ತು ಆರುನೂರು" ಅಂದ ಮಾಮ.
ನಾನು ಹತ್ತಿದೆ. ನಲವತ್ತೇಳು ಎಂಟುನೂರು.
ನಯಾಜ್ ಅಂಕಿ ನೋಡಿದ, ನನ್ನನ್ನು ನೋಡಿದ,
"ನಾನಿನ್ನು ತೂಕ ಇಳಿಸಲ್ಲ ಕಣೋ" ಅಂದ,
ಅಡ್ಡಾದಿಡ್ಡಿ ತಲೆ ಕೆರೆದುಕೊಳ್ಳುತ್ತ.

ನಾನು ತಕ್ಕಡಿಯಿಂದ ತಡವಾಗಿ ಇಳಿದೆ.