ಗೂಟ

ಶಹಾಬಾದಿನ ಪಾಲಿಶ್ ಕಾರ್ಖಾನಿಯೊಳಗ
ಅವತ್ತು ಸಂಜಿ ಕರೆಂಟ್ ಹೋಗಿತ್ತು.
ನಾನೊಂದು ಸಾಲು, ಲಾಡ್ಲೇಸಾಬ ಒಂದು ಸಾಲು,
ಇಬ್ಬರೂ ಫರಸಿ ಹಚ್ಚಿದೆವು ಗ್ವಾಡಿಗೆ,
ಅಂಚಿನ ಮ್ಯಾಲ ನಿಲ್ಲಿಸಿ, ತುಸು ವಾಲಿಸಿ.
ಕೆಳಗ ಕಬ್ಬಿಣದ ಗೂಟ ಹೊಡೀಬೇಕು, ಅದು ಕಾಯ್ದೆ.
ಗೂಟ ಇದ್ದದ್ದು ಅತ್ತ ಕಡೆ, ಬೇವಿನ ಬುಡದಾಗ.
ಹಸಿವಾಗಿತ್ತು. "ನಾಳಿ ಹೊಡದರಾತು."
ಅಂದದ್ದು ನಾ. ಅವ ಹ್ಞೂಂ ಅಂದ, ಅಷ್ಟ.

ರಾತ್ರಿ ಎಂಟಕ್ಕ ಸಾಯಬಣ್ಣನ ಮಗಳು ತಿಪ್ಪಿ
ಕಣ್ಣಮುಚ್ಚಾಲಿ ಆಡ್ಲಿಕ್ಕ ಬಂದಿದ್ದಳು.
ಎರಡೂ ಸಾಲಿನ ಹಿಂದ ಕತ್ತಲಿ ಒಂದ ನಮೂನಿ.
ನನ್ನ ಸಾಲಿನ ಮಗ್ಗಲಕ ನಾಯಿ ಮರಿ ಹಾಕಿತ್ತು,
ಗುರ್ ಅಂತಂತ, ಸಂಗಡದ ಹುಡುಗರು ಹೇಳಿದರು.
ಕೂಸು ಅಂಜಿ ಹೊಳ್ಳಿ ಆ ಕಡೆ ಹೋತಂತ.

ಎಲ್ಲಾರೂ ಅತ್ತ ಓಡಿದಾಗ
ನಾ ಬೇವಿನ ಬುಡಕ್ಕ ಹೋದೆ.
ನನ್ನ ಸಾಲಿಗೆ ನಾಕು ಗೂಟ ಹೊಡದೆ.
ಆ ಅಳುವಿನೊಳಗ ಸುತ್ತಿಗಿ ಸಪ್ಪಳ
ಯಾರಿಗೂ ಕೇಳಲಿಲ್ಲ.

ಕಲಬುರಗಿ ಕೋರ್ಟಿನಾಗ ವಕೀಲರು ಕೇಳಿದರು:
ಅವನ ಸಾಲಿಗೆ ಗೂಟ ಇತ್ತೇನು?
ಇರಲಿಲ್ರಿ, ಅಂದೆ. ಖರೆ ಮಾತು.
ನಿನ್ನ ಸಾಲಿಗೆ? ಅಂತ ಯಾರೂ ಕೇಳಲಿಲ್ಲ.
ಕಟಕಟಿಯೊಳಗಿಂದ ಲಾಡ್ಲೇಸಾಬ ನನ್ನ ನೋಡಿದ,
ಸಿಟ್ಟಿರಲಿಲ್ಲ; ಬೀಡಿ ಕೇಳುವವನ ಹಂಗ.
ಆಮ್ಯಾಲ ನೆಲ ನೋಡಿದ.
ಎರಡು ವರ್ಷ.

ಅವನ ಅವ್ವ "ನಸೀಬು" ಅಂತಾಳ.
ಮಾಲಕರು ನನ್ನ ಮುಕದ್ದಮ ಮಾಡಿದರು.
ಹೊಸ ಹುಡುಗರಿಗೆ ನನ್ನ ತೋರಿಸಿ
"ಈ ಮೈಲಾರಿನ್ನ ನೋಡಿ ಕಲೀರಿ" ಅಂತಾರ.
ನಸೀಬಿಗೆ ಪಗಾರ ಎಷ್ಟಂದರ
ತಿಂಗಳಿಗೆ ಮೂರು ಸಾವಿರ ಹೆಚ್ಚು.

ಹಸಿವಿ ಒಂದ, ಕತ್ತಲಿ ಒಂದ, ಮಾತು ನಂದು;
ಹಂಗಾದರ ಗುನ್ಹೆ ಎಲ್ಲಿ ಬ್ಯಾರೆ ಆತು?
ನಾಯಿಯ ಗಂಟಲದಾಗೇನು?
ಒಮ್ಮೊಮ್ಮೆ ಅನಸ್ತದ, ನನ್ನ ಕಲ್ಲು ಬಿದ್ದಿಲ್ಲಲ್ಲ.
ಆ ಸಮಾಧಾನ ಬೆಳತನಕ ಉಳಿಯಂಗಿಲ್ಲ.

ಮೊನ್ನಿ ಸಾಯಬಣ್ಣನ ಹೆಂಡತಿ ಕರೆಸಿದಳು.
ಪರಿಹಾರದ ರೊಕ್ಕದಾಗ ಒಂದು ಖೋಲಿ ಕಟ್ಟಿಸ್ಯಾಳ,
ನೆಲಕ್ಕ ಫರಸಿ ಹಾಸಬೇಕಂತ.
"ನೀನ ಹಾಸಪ್ಪಾ, ನಿಂದು ಜ್ವಾಕಿ ಕೈ."
ಇಡೀ ದಿನ ಮೊಣಕಾಲೂರಿ ಹಾಸಿದೆ.
ಹೇಳಬೇಕಂತ ಎರಡು ಸಲ ಬಾಯಿ ತೆರೆದೆ;
ಎರಡೂ ಸಲ ಸಿಮೆಂಟ್ ಕೇಳಿದೆ.

ಸಂಜಿಗೆ ಆಕಿ ಬರಿಗಾಲಲೆ ಅಡ್ಡಾಡಿದಳು,
ಒಂದೊಂದು ಕಲ್ಲಿಗೂ ಅಂಗಾಲು ಒತ್ತಿ ನೋಡಿ
"ಹಾಸಿದ ಕಲ್ಲು ಬೀಳಂಗಿಲ್ಲಲ್ಲ" ಅಂದಳು.
ಬೀಳಂಗಿಲ್ಲವ್ವ, ಅಂದೆ.
ಉಳಿದ ಒಂದು ಫರಸಿ ಗ್ವಾಡಿಗೆ ಒರಗಿತ್ತು.
ಎದ್ದು ಹೋಗಿ
ಅದನ್ನ ಮಲಗಿಸಿದೆ.