ನಕಲು ವಿಭಾಗ

ನಕಲು ಮಾಡೂದು ನನ್ನ ನೌಕರಿ.
ಹತ್ತೊಂಬತ್ತು ವರ್ಷಾತು, ಧಾರವಾಡದ ಕೋರ್ಟಿನ್ಯಾಗ
ತಳದ ಖೋಲಿ, ಕಿಟಕಿ ಒಂದ, ಅದಕ್ಕೂ ಜಾಳಿಗಿ.
ಖರೇದಿ ಪತ್ರ, ಸೋಡಚೀಟಿ, ವಾಟ್ನಿಯ ನಕಾಶಿ,
ಏನ ಬರಲಿ, ಮಷೀನಿನ ಬೆಳಕಿಗೆ ಹಿಡೀತೀನಿ,
ಹಿಂದ ಶಿಕ್ಕಾ ಒತ್ತತೀನಿ: ಮೂಲಕ್ಕೆ ಸರಿಯಾದ ನಕಲು.
ಸಹಿ. ತಾರೀಖು. ಪುಟಕ್ಕ ಇಷ್ಟು ರೂಪಾಯಿ.

ಆ ದಾವಾ ಬಂದಾಗ ನಕ್ಕಿದ್ದೆ.
ನಮ್ಮದನ್ನ ನಕಲು ಮಾಡ್ಯಾರಂತ ಒಬ್ಬರು, ಇಲ್ಲಂತ ಒಬ್ಬರು,
ಇಬ್ಬರ ಕಾಗದದ ನಕಲು ತಗಿಯಾಕ ನಾನು.

ವಾದಿ, ಹುಬ್ಬಳ್ಳಿ ಗೋಕುಲ ರೋಡಿನ ಕಂಪನಿ.
ಪ್ರತಿವಾದಿ, ಬೆಟಗೇರಿಯ ಸುಲೋಚನಾ ಮೇರವಾಡೆ ಮತ್ತು ಇತರರು.
ಇತರರು ಅಂದ್ರ ಯಾರ್‍ಯಾರು, ಆಕಿಗೂ ಪೂರಾ ಗೊತ್ತಿಲ್ಲ.
ಯಾರು ಬೇಕಾದವರು ಓದ್ರಿ, ತಿದ್ರಿ, ಒಯ್ರಿ
ಅಂತ ಬರದು ಬಾಗಲಾ ತಗದಿಟ್ಟ ತಂತ್ರಾಂಶ:
ಸೀರಿ ದಡಿಯ ಚಿತ್ರ ಕೊಟ್ರ
ಮಗ್ಗದ ರಟ್ಟಿಗೆ ಎಲ್ಲೆಲ್ಲಿ ತೂತು ಅಂತ ಹೇಳತೈತಿ.

"ನಮ್ಮ ಮುನ್ನೂರಾ ಹನ್ನೊಂದು ಸಾಲು ಕದ್ದಾರ."
"ಯಾವ ಸಾಲು?" ಸಾಹೇಬ್ರು ಕೇಳಿದ್ರು.
"ಅದು ವ್ಯಾಪಾರದ ಗುಟ್ಟು, ಸ್ವಾಮಿ."
ಹಿಂದಿನ ಬೆಂಚಿನ ಮ್ಯಾಲ ಒಬ್ಬ ಮುದಕ,
ಹೊಲದ ಬದುವಿನ ಕೇಸಿಗೆ ಬಂದಾಂವ, ಅಂದ:
"ಮನ್ಯಾಗ ಕಳವಾಗೈತಂತ,
ಏನು ಹೋಗೈತಿ ಹೇಳಿದ್ರ ಕಳ್ಳಗ ತಿಳೀತೈತಂತ!"
ಪಟ್ಟೇವಾಲಾ ಸುಮ್ಮನಿರು ಅಂದ. ಅಂದು, ತಾನ ನಕ್ಕ.

ಹದಿನೇಳು ತಾರೀಖು ಹೋದವು.
ಕೊನೀಗೆ ಲಕೋಟಿ ಬಂತು. ಅರಗಿನ ಐದು ಮುದ್ರಿ.
ಚೇಂಬರಿನ್ಯಾಗ ಬಿಚ್ಚೂದು, ತಜ್ಞರಿಗೆ ಒಂದ ನಕಲು,
ಓದೂದಿಲ್ಲಂತ ನನ್ನ ಕಡಿಂದ ಬರಸಿಕೊಂಡ್ರು.
ಓದದ ನಕಲು ಮಾಡೂದು ನನಗ ಹೊಸಾದಲ್ಲ.
ಕಣ್ಣು ಮಾತ್ರ ಮುಚ್ಚಳಿಕಿಗೆ ಸಹಿ ಹಾಕಿರಲಿಲ್ಲ.

ಪುಟಾ ನಲವತ್ತೊಂದು. ಇಂಗ್ಲೀಷಿನ ಮುಳ್ಳುಕಂಟಿ ನಡುವ
ಕನ್ನಡದ್ದೊಂದು ಸಾಲು:
ಇಲ್ಲೆ ಕೈ ಹಚ್ಚಬ್ಯಾಡ್ರಿ. ಯಾಕ ನಡೀತೈತಿ ಗೊತ್ತಿಲ್ಲ, ನಡೀತೈತಿ.
ನಮ್ಮವ್ವನ ಬೆರೆಳೆಣಿಕಿ.

ಈ ಸಾಲು ಮೊದಲ ನನ್ನ ಕೈಯಾಗ ಹಾದೈತಿ.
ಆಕಿ ಹಾಜರ ಮಾಡಿದ ಕಾಗದ, ನಿಶಾನಿ ಡಿ-ಒಂಬತ್ತು,
ಕಂಪನಿ ಹುಟ್ಟೂಕಿಂತ ನಾಕು ವರ್ಷ ಹಿಂದಿನ ತಾರೀಖು.
ಬೆರಳಿನ ರಕಾರಕ್ಕ ಏತ್ವ ಹೆಚ್ಚಿಗಿ.
ಅಲ್ಲೂ ಹೆಚ್ಚಿಗಿ. ಇಲ್ಲೂ.

ಬೆಳಕು ಹಾದು ಹೋತು.
ಶಿಕ್ಕಾ ತಗೊಂಡೆ. ಮೂಲಕ್ಕೆ ಸರಿಯಾದ,
ಕೈ ನಿಂತಿತು. ಯಾವ ಮೂಲಕ್ಕ?
ಒತ್ತಿದೆ. ಪಗಾರ ಅದಕ್ಕ ಕೊಡತಾರ.

ಮನಿಯಾಗ ಹೇಳಲಿಲ್ಲ. ಹೆಬ್ಬಟ್ಟಿಗೆ ಹತ್ತಿದ ಅರಗು
ಎರಡು ದಿನ, ರೊಟ್ಟಿ ಮುರಿಯೂವಾಗ, ಕೆಂಪಗ ಕಾಣತಿತ್ತು.
ತಜ್ಞ ಪುಣೆದಾಂವ. ಕನ್ನಡ ಬರತೈತೋ ಇಲ್ಲೋ.
ಓದಾಕ ಬರದ ಸಾಲು ಯಾವ ಸಾಕ್ಷಿ ಹೇಳೀತು?

ಬುಧವಾರ ಆಕಿ ಬಂದ್ಲು, ಜಾಳಿಗಿ ಮುಂದ.
ತಲಿಮ್ಯಾಲ ಗದಗ ಬಸ್ಸಿನ ಧೂಳು, ಕೈಯಾಗ ಅರ್ಜಿ,
ಅದಕ್ಕ ಟಿಕೀಟೂ ಹಚ್ಯಾಳ.
"ಲಕೋಟಿದೊಂದು ನಕಲು ಬೇಕಾಗಿತ್ರಿ."
"ಕೊಡಾಕ ಬರೂದಿಲ್ಲವ್ವಾ."
"ನನ್ನ ಮ್ಯಾಲಿನ ತಪ್ಪು ಏನಂತರ..."
"ಬರೂದಿಲ್ಲ."

ಅರ್ಜಿ ನಾಕು ಮಡಿಕಿ ಮಡಚಿದ್ಲು, ಹೊಂಟ್ಲು.
ರಜಿಸ್ಟರ್ ನೋಡಕೋತನ ಅಂದೆ:
"ನಿಮ್ಮ ಡಿ-ಒಂಬತ್ತು, ಬಿಚ್ಚಿದ ಕಾಗದ ಅದು,
ಅದರಾಗ ಕನ್ನಡದ್ದೊಂದು ಸಾಲೈತಿ.
ಪರಸ್ಥಳದವರಿಗೆ ತಿಳಿಯೂ ಹಂಗ ತರ್ಜುಮೆ ಹಚ್ಚಿಲ್ಲ ನೀವು.
ಕೊರತಿ ಅಂತ ವಾಪಸ್ ಮಾಡಬೇಕಾಗತೈತಿ."

ಸ್ವಲ್ಪ ಹೊತ್ತು ನಿಂತ್ಲು.
"ಅದರಾಗ ಒಂದು ಅಕ್ಷರಾನೂ ತಪ್ಪೈತ್ರಿ,
ತಿದ್ದಿ ಕೊಡಲೇನು?"

"ತಿದ್ದಬ್ಯಾಡ," ಅಂದೆ. ದನಿ ಏರಿತ್ತೇನೋ,
ಸರತಿಯಾಗಿನವರು ತಿರುಗಿ ನೋಡಿದ್ರು.
"ಇದ್ದದ್ದು ಇದ್ದಂಗ ಇರಲಿ.
ಮುಂದಿನವರು ಬರ್‍ರಿ."