ಕಾಟಾದ ಮೇಲೆ ಹುಸೇನಪ್ಪ

ನಾಲ್ಕು ತಿರುಪು ಬಿಚ್ಚಿದರೆ
ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂಸಿನ ದಿಂಬಿಗಾಗುವಷ್ಟು ಹತ್ತಿ.
ಅದರೊಳಗೆ ಗೂಡು ಮಾಡಿಕೊಂಡ ಫ್ಯಾನು
ಹದಿಮೂರು ವರ್ಷದಿಂದ ಬಿಸಿ ಉಸಿರು ಬಿಡುತ್ತಿದೆ.
"ಜಿನ್ನಿಂಗ್ ಮಿಲ್ಲಿನ ಮಗ್ಗುಲಾಗ ಇದ್ದ ಮ್ಯಾಲ
ಅದೂ ಒಂದೀಟು ತಿಂತೈತ್ರಿ" ಅಂದ ಗುಮಾಸ್ತ ಅಮರೇಗೌಡ.
ಬ್ರಶ್ಶಿನಿಂದ ಎಳೆ ಎಳೆ ತೆಗೆದು ಪೇಪರಿನ ಮೇಲೆ ಗುಡ್ಡೆ ಹಾಕಿದೆ.

ಗೇಟಿನಾಚೆ ಹನ್ನೊಂದು ಟ್ರ್ಯಾಕ್ಟರು, ಎರಡು ಲಾರಿ,
ಮಾನ್ವಿಯವು, ಸಿರವಾರದವು, ಹೊಳೆಯಾಚೆಯ ಒಂದು.
ಫೆಬ್ರವರಿಗೇ ರಾಯಚೂರಿನ ಬಿಸಿಲು ಬಾನೆಟ್ಟಿನ ಮೇಲೆ ರೊಟ್ಟಿ ಸುಡುತ್ತಿದೆ.

ಹೊಸ ಬಿಲ್ಲಿನ ತಂತ್ರಾಂಶ ಹಳೆಯ ವಿಂಡೋಸಿನ ಮೇಲೆ ಕೂರಲೊಲ್ಲದು,
ಹೊಸ ವಿಂಡೋಸು ಹಳೆಯ ಪೆಟ್ಟಿಗೆಗೆ ಇಳಿಯಲೊಲ್ಲದು.
ಪೆನ್ ಡ್ರೈವ್ ಚುಚ್ಚಿದೆ. ಚುಕ್ಕಿಗಳು ಸುತ್ತಿದವು, ಸುತ್ತಿದವು,
ಆಮೇಲೆ ಬಹಳ ಮರ್ಯಾದೆಯಿಂದ ಹೇಳಿತು:
ಈ ಪಿಸಿ ಅರ್ಹವಲ್ಲ.
ಪ್ರೊಸೆಸರ್ ಪಟ್ಟಿಯಲ್ಲಿಲ್ಲ.
ನಂಬಿಕೆಯ ಚಿಪ್ ಇಲ್ಲ.

ಮೊದಲೆರಡು ಮಾತು ಅಮರೇಗೌಡನಿಗೆ ತಿಳಿಯಲಿಲ್ಲ.
ಮೂರನೆಯದಕ್ಕೆ ಸಿಟ್ಟು ಬಂತು.
"ನಂಬಿಕಿ ಇಲ್ಲಂತಾ? ಇದಕ್ಕಾ?
ಸಾವ್ಕಾರನ್ನ ನಂಬದವ್ರು ಇದನ್ನ ನಂಬ್ಯಾರ್ರಿ ಜರೀನಾ ಮೇಡಂ.
ಟವಲಿನ ಕೆಳಗ ಬೆರಳು ಹಿಡಿಯೋ ದಲಾಲಿನ್ನ ಬೈದ ಮುದುಕ್ಯಾರು
ಇದರ ಅಂಕಿ ನೋಡಿ ಹೆಬ್ಬಟ್ಟು ಒತ್ಯಾರ."
ಆ ಚಿಪ್ಪು ಬೇರೆ, ಬೀಗದಕೈ ಬಚ್ಚಿಡುವ
ಉಗುರಗಲದ ಗೂಡು ಅಷ್ಟೇ ಅಂತ
ಹೇಳಬಹುದಿತ್ತು. ಹೇಳಲಿಲ್ಲ.

ಹಳೆಯ ಡಿಸ್ಕಿನ ನಕಲು ತೆಗೆದು, ಅಮ್ಮಿ ಓಲೆ ಸುತ್ತಿಡುವ ಹಾಗೆ
ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ.
ಆಮೇಲೆ ಅರ್ಹತೆ ಕೇಳುವ ಕಡತಕ್ಕೆ
ಕೇಳಬೇಡ ಎಂದು ಒಂದು ಸಾಲು ಬರೆದೆ, ಕೆಳಗೆ ಇನ್ನೊಂದು.
ಸುಳ್ಳಲ್ಲ ಇದು, ಕಾವಲುಗಾರನನ್ನು
ಚಹಾ ಕುಡಿದು ಬಾ ಎಂದು ಕಳಿಸಿದಂತೆ.

ಶೇಕಡಾ ಮೂವತ್ತೆಂಟಕ್ಕೆ ಬಂದು ನಿಂತುಬಿಟ್ಟಿತು.
ಲಾರಿಯವನು ಹಾರ್ನಿನ ಮೇಲೆ ಕೈಯಿಟ್ಟು ಮರೆತ.
ಅರವತ್ತೊಂದಕ್ಕೆ ಕರೆಂಟು ಹೋಯಿತು.
ಅತ್ತ ಶಕ್ತಿನಗರದ ಚಿಮಣಿ
ಯಾರ ಯಾರ ಮನೆಗೋ ಬೆಳಕು ಕಳಿಸುತ್ತ ಹೊಗೆ ಬಿಡುತ್ತಿತ್ತು.
ಇಲ್ಲಿ ಯುಪಿಎಸ್ಸು ಕುಂಯ್ ಕುಂಯ್ ಎನ್ನುತ್ತ ಇಪ್ಪತ್ತು ನಿಮಿಷ ಎಳೆಯಿತು.

ಇಳಿದದ್ದೇನೋ ಇಳಿಯಿತು.
ತೂಕ ಬರಬೇಕಾದ ಚೌಕದಲ್ಲಿ ಮಾತ್ರ
ಪ್ರಶ್ನೆಚಿಹ್ನೆ, ಡಾಲರು, ಅರ್ಧ ತುಂಡಾದ ಏನೋ.
ಒಂಬತ್ತು ಸೂಜಿಯ ಕೇಬಲ್ಲು ಕಿತ್ತು ಊದಿ ಮತ್ತೆ ಸಿಕ್ಕಿಸಿದೆ,
ಪೋರ್ಟಿನ ಸಂಖ್ಯೆ ಬದಲಿಸಿದೆ, ಡ್ರೈವರು ಹಳೆಯದನ್ನೇ ಹಾಕಿದೆ.
ಒಂದು ತಾಸು ಕಳೆದು ಹೊಳೆಯಿತು:
ಕಾಟಾ ನಿಧಾನಕ್ಕೆ ಮಾತಾಡುವ ಕಾಲದ್ದು, ಸೆಕೆಂಡಿಗೆ ಎರಡು ಸಾವಿರದ ನಾನೂರು.
ಹೊಸಬ ನಾಲ್ಕುಪಟ್ಟು ಅವಸರದಲ್ಲಿ ಕೇಳುತ್ತಿದ್ದ.
ಅವನ ಕಿವಿ ತಗ್ಗಿಸಿದೆ.
ಸೊನ್ನೆ ಬಂತು. ಸೊನ್ನೆ ಇಷ್ಟು ಚೆಂದ ಇರುತ್ತದೆಂದು ಗೊತ್ತಿರಲಿಲ್ಲ.

"ಯಾರರ ಹತ್ರೀ" ಅಂದೆ.
ಹಮಾಲಿ ಹುಸೇನಪ್ಪ ಚಪ್ಪಲಿ ಬಿಟ್ಟು,
ದರ್ಗಾದೊಳಗೆ ಕಾಲಿಡುವವನಂತೆ ಹತ್ತಿ ನಿಂತ.
ಐವತ್ತು ಟನ್ನಿನ ಕಬ್ಬಿಣದ ನಡುಮಧ್ಯೆ ಒಬ್ಬನೇ.
ಅರವತ್ತು.
"ಅರವತ್ತೆರಡ ಅದೀನ್ರೀ, ಮೊನ್ನೆ ದವಾಖಾನ್ಯಾಗ ತೂಗ್ಯಾರ.
ಎಲ್ಡ್ ಕಿಲೋ ಯಾರು ತಿಂದ್ರು?"
ಹತ್ತಕ್ಕಿಂತ ಕಡಿಮೆ ಇದು ಎಣಿಸಲ್ಲ ಎಂದೆ.
"ಹಂಗಾರ ನಾ ಸುಮ್ನ ಹೊತ್ಕೊಂಡ್ ತಿರಗಾಕ್ಹತ್ತೀನಿ" ಅಂದ,
ಹೊಟ್ಟೆ ತಟ್ಟಿಕೊಂಡ.

ಪೆಟ್ಟಿಗೆಯ ಮೇಲೆ ಮಾರ್ಕರಿನಲ್ಲಿ ಬರೆದೆ: ಅಪ್‌ಡೇಟ್ ಒತ್ತಬೇಡಿ.
ಎಷ್ಟು ದಿನ ಬರುತ್ತೆ? ಗೊತ್ತಿಲ್ಲ ಗೌಡ್ರೆ,
ಈ ಸೀಜನ್ನು ದಾಟಬಹುದು.
ಪಟ್ಟಿಯಲ್ಲಿ ಇಲ್ಲದವರ ಬಗ್ಗೆ ಯಾರೂ ಬರೆದುಕೊಡುವುದಿಲ್ಲ.

ಮೊದಲ ಟ್ರ್ಯಾಕ್ಟರು ಗುಡುಗುಟ್ಟುತ್ತ ಹತ್ತಿತು.
ಪೇಪರಿನಲ್ಲಿದ್ದ ಆ ಹಿಡಿ ಹತ್ತಿಯನ್ನು,
ಹದಿಮೂರು ಸುಗ್ಗಿಯಲ್ಲಿ ಯಾರ ಯಾರ ಹೊಲದಿಂದಲೋ ಹಾರಿ ಬಂದದ್ದನ್ನು,
ಹುಸೇನಪ್ಪ ಟ್ರೇಲರಿನ ಮೇಲಕ್ಕೆ ಎಸೆದ.
ಅಂಕಿಗಳು ನಡುಗಿದವು.
ನಿಲ್ಲಲಿ ಎಂದು ಎಲ್ಲರೂ ಪರದೆ ನೋಡುತ್ತ ನಿಂತೆವು.